ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದ ವಾಚಕರು ವಿರಳ. ಆದರೆ ಆ ಹೆಸರನ್ನು ಮಹಾರಾಷ್ಟ್ರದ ಸುಧಾರಕರ ಪಟ್ಟಿಯಲ್ಲಿ ಓದಿ ಮುಂದೆ ಸಾಗುವ ವಾಡಿಕೆ ನಾಡಿನಲ್ಲಿ ಬಲವಾಗಿ ಬೇರೂರಿದೆ. ಆಕೆ ಕನ್ನಡ ನಾಡಿನ ಮಲೆಯೊಂದರಲ್ಲಿ ಜನಿಸಿದವರೆಂಬುದನ್ನೂ, ಆಕೆಯ ತಂದೆ ಸ್ತ್ರೀವಿದ್ಯೆಯ ಪಕ್ಷವನ್ನು ಹಿಡಿದು ವಾದಿಸಿದ್ದು ಉಡುಪಿಯ ಪಂಡಿತಸಭೆಯ ಎದುರಿಗೇ ಎಂಬುದನ್ನೂ ಬಲ್ಲವರು ಕೆಲವರೇ. ಈ ಮರೆವಿಗೆ ಭಾಷೆಯ ಗಡಿಯೊಂದೇ ಕಾರಣವಲ್ಲವೆಂದು ನಮಗೆ ತೋರುತ್ತದೆ. ರಮಾಬಾಯಿಯವರು ಕ್ರೈಸ್ತಮತವನ್ನು ಸ್ವೀಕರಿಸಿದರು. ರಾಷ್ಟ್ರೀಯ ಪಕ್ಷದ ಪತ್ರಿಕೆಗಳು ಆಕೆಯನ್ನು ಪರಕೀಯಳೆಂದು ಬಗೆದವು. ಅಲ್ಲಿಂದ ಮುಂದೆ ಆಕೆಯ ಚರಿತ್ರೆಯನ್ನು ಹೇಳುವ ಹೊಣೆ ಬಹುಮಟ್ಟಿಗೆ ಮಿಶನರಿಗಳ ಪಾಲಿಗೆ ಬಿದ್ದಿತು. ರಾಷ್ಟ್ರೀಯ ದೃಷ್ಟಿಯಿಂದಲೂ ಆ ಚರಿತ್ರೆಯನ್ನು ಒಮ್ಮೆ ನೋಡತಕ್ಕದ್ದೆಂದು ನಾವು ಬಗೆಯುತ್ತೇವೆ.

ತಂದೆಯಾದ ಅನಂತಶಾಸ್ತ್ರೀ ಡೋಂಗರೆಯವರು ಕಾರ್ಕಳ ಸೀಮೆಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ತಾರುಣ್ಯದಲ್ಲಿ ಪುಣೆಗೆ ಹೋಗಿ ಅಲ್ಲಿ ವ್ಯಾಸಂಗ ಮಾಡಿದರು. ಅವರ ಗುರುಗಳು ಎರಡನೆಯ ಬಾಜೀರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಸ್ತ್ರೀಯೊಬ್ಬಳು ಶುದ್ಧವಾಗಿ ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಕಂಡು ಬೆರಗಾದ ಈ ತರುಣ ಶಿಷ್ಯರು, ತಮ್ಮ ಪತ್ನಿಗೂ ಈ ವಿದ್ಯೆಯನ್ನು ಕಲಿಸಬೇಕೆಂದು ಅಂದೇ ಸಂಕಲ್ಪಿಸಿದರು. ಮೊದಲನೆಯ ಪತ್ನಿಯ ಕಾಲದಲ್ಲಿ ಮನೆಯ ಹಿರಿಯರ ವಿರೋಧದಿಂದ ಆ ಸಂಕಲ್ಪ ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ತೀರ್ಥಯಾತ್ರೆಯಲ್ಲಿದ್ದಾಗ ಗೋದಾವರೀ ತೀರದಲ್ಲಿ ಒಂಬತ್ತು ವರ್ಷದ ಲಕ್ಷ್ಮಿಯನ್ನು ವಿವಾಹವಾದರು. ವರನ ವಯಸ್ಸು ನಲವತ್ತನ್ನು ದಾಟಿತ್ತು. ಈ ವಿವಾಹವನ್ನು ಇಂದು ಯಾರೂ ಮೆಚ್ಚಲಾರರು. ಹಾಗಿದ್ದರೂ ಆ ಬಾಲಿಕೆಗೆ ಅವರು ಕಾವ್ಯಪುರಾಣಗಳನ್ನು ಕಲಿಸಿ ಪಂಡಿತೆಯನ್ನಾಗಿ ಮಾಡಿದರೆಂಬುದೂ ಅಷ್ಟೇ ನಿಜ.

ಊರಿನವರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಶಾಸ್ತ್ರಿಗಳನ್ನು ಉಡುಪಿಗೆ ಕರೆಯಿಸಿ, ನೂರಾರು ಪಂಡಿತರ ಸಮಕ್ಷದಲ್ಲಿ ಸಮಾಧಾನ ಹೇಳಬೇಕೆಂದು ವಿಧಿಸಿದರು. ಶಾಸ್ತ್ರಿಗಳು ಧರ್ಮಗ್ರಂಥಗಳಿಂದಲೇ ಆಧಾರಗಳನ್ನು ಎತ್ತಿ ತೋರಿಸಿ ತಮ್ಮ ಪಕ್ಷವನ್ನು ಸಾಧಿಸಿದರು. ಅವರಿಗೆ ಬಹಿಷ್ಕಾರ ಬೀಳಲಿಲ್ಲ. ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಶಾಸ್ತ್ರಿಗಳು ಬೇಡಿದ್ದು ಕಾವ್ಯ, ಪುರಾಣ, ವ್ಯಾಕರಣಗಳ ಅಧಿಕಾರವನ್ನು ಮಾತ್ರ. ಸ್ತ್ರೀಯರಿಗೆ ವೇದಾಧಿಕಾರವಿಲ್ಲವೆಂಬ ಕಟ್ಟನ್ನು ಅವರೂ ಒಪ್ಪಿದ್ದರು, ಕೊನೆಯವರೆಗೂ ಪಾಲಿಸಿದರು. ತಂದೆ ನಿಂತ ಆ ಗೆರೆಯಿಂದ ಮಗಳು ಮುಂದೆ ನಡೆದರು.

ವಾದದಲ್ಲಿ ಗೆದ್ದರೂ ಊರಿನ ಸಹವಾಸ ಅವರಿಗೆ ಸಾಕಾಗಿತ್ತು. ಸಂಸಾರವನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಅಲ್ಲಿ ಆಶ್ರಮವನ್ನು ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ನೆಲೆಯಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ರಮಾಬಾಯಿಯವರ ಜನನವಾಯಿತು. ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಶಾಸ್ತ್ರಿಗಳ ಸಂಪತ್ತು ಕರಗಿ ಸಾಲ ತಲೆಯ ಮೇಲೇರಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಆಶ್ರಮವನ್ನು ತೊರೆಯಬೇಕಾಯಿತು. ಬೆತ್ತದ ಬುಟ್ಟಿಯಲ್ಲಿ ಆಳಿನ ತಲೆಯ ಮೇಲೆ ಕುಳಿತು ಘಟ್ಟವನ್ನಿಳಿದ ಆ ಶಿಶು ಮತ್ತೆ ಮನೆಯೆಂಬುದನ್ನು ಕಾಣಲು ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡೆಯಿಂದ ಸಾಗುವುದು, ದೇವಸ್ಥಾನದ ಅಂಗಳದಲ್ಲಿ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟ ಕಾಣಿಕೆಯಿಂದ ಹೊಟ್ಟೆ ಹೊರೆಯುವುದು, ಇದೇ ಆ ಸಂಸಾರದ ಜೀವನಕ್ರಮ. ತಂದೆ ವೃದ್ಧರಾಗಿದ್ದುದರಿಂದ ಮಗಳಿಗೆ ಪಾಠ ಹೇಳುವ ಭಾರ ತಾಯಿಯದಾಯಿತು. ಲಕ್ಷ್ಮೀಬಾಯಿಯವರು ಬೆಳಕು ಹರಿಯುವ ಮೊದಲೇ ಮಗಳನ್ನು ಎಬ್ಬಿಸಿ ಭಾಗವತವನ್ನು ಬಾಯಿಪಾಠ ಮಾಡಿಸುತ್ತಿದ್ದರು. ತಾಯಿಯಿಂದ ಮಗಳಿಗೆ ಸಂಸ್ಕೃತವಿದ್ಯೆ ಹರಿದ ಇಂತಹ ಸಂದರ್ಭ ಆ ಶತಮಾನದಲ್ಲಿ ಇನ್ನೆಷ್ಟು ಇದ್ದಿರಬಹುದು? ಹಿರಿಯ ಮಗಳ ಬಾಲ್ಯವಿವಾಹ ದುಃಖದಲ್ಲಿ ಕೊನೆಗೊಂಡಿದ್ದುದರಿಂದ, ಕಿರಿಯವಳನ್ನು ಎಳೆಯ ವಯಸ್ಸಿನಲ್ಲಿ ಧಾರೆಯೆರೆದು ಕೊಡಲು ತಂದೆತಾಯಿಗಳು ಒಪ್ಪಲಿಲ್ಲ.

ಅನಂತರ ಬಂದದ್ದು ಕ್ಷಾಮ. 1870ರ ದಶಕದಲ್ಲಿ ಮದ್ರಾಸು ಇಲಾಖೆಯನ್ನು ಹಿಂಡಿದ ಬರಗಾಲದ ಕಥೆಯನ್ನು ಅಂಕಿಗಳಿಂದ ಓದಿದವರು ಡೋಂಗರೆ ಸಂಸಾರದ ಕಥೆಯಿಂದಲೂ ಅದನ್ನು ತಿಳಿಯಬಹುದು. ಪುರಾಣವನ್ನು ಕೇಳುವವರಿಲ್ಲ, ಕಾಳು ಕೊಡುವವರಿಲ್ಲ. ಕೂಲಿಯನ್ನು ಮಾಡಲು ಇವರಿಗೆ ಬಾರದು, ಭಿಕ್ಷೆ ಬೇಡಲು ಅಭಿಮಾನ ಬಿಡದು. ಇದ್ದ ಒಡವೆ, ಪಾತ್ರೆ, ಪಟ್ಟೆಗಳನ್ನು ಮಾರಿ, ಕೊನೆಗೆ ತಿರುಪತಿಯ ಬಳಿಯ ಕಾಡನ್ನು ಸೇರಿ ಎಲೆಗಳನ್ನು ತಿಂದು ದಿನ ಕಳೆದರು. ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು, ಅಕ್ಕನೂ ಉಳಿಯಲಿಲ್ಲ. ತಾಯಿಯ ಶವಕ್ಕೆ ಹೆಗಲು ಕೊಡಲು ಮೊದಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮೆಯದು. ಮೈಕಟ್ಟು ಕುಳ್ಳಾಗಿದ್ದುದರಿಂದ ಆ ಹುಡುಗಿ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದಳು. ಸ್ತ್ರೀಯು ಶವವನ್ನು ಹೊರಕೂಡದೆಂಬ ಶಾಸ್ತ್ರವನ್ನು ಅಂದು ಆಕೆಗೆ ನೆನಪಿಸುವವರೂ ಇರಲಿಲ್ಲ.

ಅಣ್ಣತಂಗಿಯರಿಬ್ಬರು ಉತ್ತರದ ಕಡೆಗೆ ನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿದರು. ಮೈಮೇಲಿನ ಬಟ್ಟೆಯೂ ನೆತ್ತಿಯಲ್ಲಿ ತುಂಬಿದ ಭಾಗವತವೂ ಹೊರತಾಗಿ ಅವರ ಬಳಿ ಬೇರೇನೂ ಇರಲಿಲ್ಲ. ಅಲ್ಲಿಯ ಪಂಡಿತರು ಇಪ್ಪತ್ತು ವರ್ಷದ ಅವಿವಾಹಿತೆಯನ್ನು ಪರೀಕ್ಷಿಸಿ, ಆಕೆಗೆ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತರು. ಕೇಶವಚಂದ್ರ ಸೇನರು ವೇದಗ್ರಂಥವೊಂದನ್ನು ಕೈಗಿತ್ತು, ಓದಬೇಕೆಂದು ಒತ್ತಾಯಪಡಿಸಿದರು. ಆಕೆ ಮೊದಲು ಹಿಂಜರಿದರು, ಬಳಿಕ ಓದಿದರು. ಸ್ತ್ರೀಯರ ವಿಷಯದಲ್ಲಿ ಧರ್ಮಶಾಸ್ತ್ರಗಳು ಏನೆನ್ನುತ್ತವೆಂಬುದನ್ನು ಆಕೆ ಶ್ರದ್ಧೆಯಿಂದ ಪರಿಶೀಲಿಸಿದ್ದು ಈ ಕಾಲದಲ್ಲಿಯೇ. ಓದಿದಷ್ಟೂ ಅಸಮಾಧಾನ ಬೆಳೆಯಿತು.

1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಎಂಬ ವಕೀಲರನ್ನು ರಮಾಬಾಯಿಯವರು ನೋಂದಣಿಯ ಮೂಲಕ ವಿವಾಹವಾದರು. ಆತ ಬಂಗಾಲಿ, ಶೂದ್ರವರ್ಣದವರು. ಎರಡು ಕಡೆಯ ಬಂಧುವರ್ಗಕ್ಕೂ ಇದು ಬೇಡವಾಯಿತು. ಮಗಳು ಮನೋರಮೆ ಹುಟ್ಟಿದ ಮರುವರ್ಷ, 1882ರ ಫೆಬ್ರವರಿಯಲ್ಲಿ, ಪತಿಯು ಕಾಲರಾ ರೋಗದಿಂದ ಮರಣ ಹೊಂದಿದರು. ಇಪ್ಪತ್ತಮೂರು ವರ್ಷದ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ಆಕೆ ಕಳೆದ ಒಂದೇ ವರ್ಷದ ಕಾರ್ಯವನ್ನು ನಾವು ವಿಶೇಷವಾಗಿ ಎತ್ತಿ ಹೇಳಬಯಸುತ್ತೇವೆ. 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದರು. ಆ ವರ್ಷವೇ ಹಂಟರ್ ಸಾಹೇಬರ ಅಧ್ಯಕ್ಷತೆಯ ವಿದ್ಯಾ ಆಯೋಗವು ಪುಣೆಗೆ ಬಂದಾಗ ರಮಾಬಾಯಿಯವರು ಸಾಕ್ಷ್ಯ ಹೇಳಿದರು. ಸರಕಾರದ ಆಯೋಗದ ಮುಂದೆ ಹಿಂದೂ ಸ್ತ್ರೀಯೊಬ್ಬಳು ನಿಂತು ತನ್ನ ಜಾತಿಯ ಹಕ್ಕನ್ನು ಕೇಳಿದ್ದು ಅಂದು ಸಾಮಾನ್ಯ ಸಂಗತಿಯಲ್ಲ. ಆಕೆ ಕೇಳಿದ್ದಾದರೂ ಏನು? ಬಾಲಿಕೆಯರ ಪಾಠಶಾಲೆಗಳಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರಾಗಬೇಕು; ಅವರಿಗೆ ಸರಿಯಾದ ತರಬೇತಿಯೂ ಗೌರವಯುತವಾದ ವೇತನವೂ ದೊರೆಯಬೇಕು; ಶಾಲೆಗಳ ತನಿಖೆಯನ್ನು ಸಹ ಸ್ತ್ರೀಯರಿಗೇ ಒಪ್ಪಿಸಬೇಕು, ಏಕೆಂದರೆ ಸಣ್ಣ ತಪ್ಪನ್ನು ದೊಡ್ಡದು ಮಾಡಿ ಶಾಲೆಯನ್ನೇ ಮುಚ್ಚಿಸುವ ಪುರುಷ ತನಿಖೆದಾರರು ಇದ್ದಾರೆ; ಪುರುಷ ವೈದ್ಯನಿಗೆ ತಮ್ಮ ಬೇನೆಯನ್ನು ಹೇಳಲಾರದೆ ಸ್ತ್ರೀಯರು ಸಾಯುತ್ತಿದ್ದಾರೆ, ಆದುದರಿಂದ ವೈದ್ಯವಿದ್ಯೆಯ ಬಾಗಿಲನ್ನು ಅವರಿಗೆ ತೆರೆಯಬೇಕು. ಹಂಟರ್ ಸಾಹೇಬರು ಈ ಸಾಕ್ಷ್ಯವನ್ನು ಇಂಗ್ಲಿಷಿಗೆ ಭಾಷಾಂತರಿಸಿ ಬೇರೆಯಾಗಿ ಅಚ್ಚು ಹಾಕಿಸಿದರು. ಮೂರು ವರ್ಷಗಳ ತರುವಾಯ ಸ್ತ್ರೀವೈದ್ಯಕ್ಕಾಗಿ ಲೇಡಿ ಡಫರಿನ್ ನಿಧಿಯು ಏರ್ಪಟ್ಟಾಗ, ಅದರ ಹಿಂದೆ ಈ ಸಾಕ್ಷ್ಯದ ಪ್ರೇರಣೆಯೂ ಇತ್ತೆಂದು ಅನೇಕರು ಬಗೆದರು.

ಸ್ತ್ರೀಶಿಕ್ಷಣದ ಪರವಾಗಿ ಅಂದು ಮಾತಾಡುತ್ತಿದ್ದ ಪುರುಷರು ಕಡಿಮೆಯಿರಲಿಲ್ಲ. ವಿದ್ಯಾವಂತಳಾದ ಪತ್ನಿ ಪತಿಗೆ ಹಿತವಾದ ಸಂಗಾತಿಯಾಗುವಳು, ಮಕ್ಕಳನ್ನು ಚೆನ್ನಾಗಿ ಬೆಳೆಸುವಳು ಎಂಬುದೇ ಅವರಲ್ಲಿ ಹಲವರ ವಾದವಾಗಿತ್ತು. ರಮಾಬಾಯಿಯವರ ಸಾಕ್ಷ್ಯದ ದಿಕ್ಕೇ ಬೇರೆ. ಶಿಕ್ಷಕಿ, ತನಿಖೆದಾರಳು, ವೈದ್ಯೆ, ಇವು ಮೂರೂ ಅಧಿಕಾರದ ಸ್ಥಾನಗಳು. ಓದನ್ನು ಬೇಡಿದಾಗಲೇ ಆಕೆ ಅಧಿಕಾರವನ್ನೂ ಬೇಡಿದ್ದರು.

ವೈದ್ಯಶಾಸ್ತ್ರವನ್ನು ತಾವೇ ಕಲಿಯಬೇಕೆಂಬ ಆಸೆಯಿಂದ, ಪುಸ್ತಕದಿಂದ ಬಂದ ಹಣವನ್ನು ಕೂಡಿಸಿಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದುದರಿಂದ ಆ ಆಸೆ ನೆರವೇರಲಿಲ್ಲ. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಈ ಸುದ್ದಿ ಪುಣೆಗೆ ಮುಟ್ಟಿದಾಗ ಉಂಟಾದ ಕ್ಷೋಭೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಪರರಾಜ್ಯದ ಕೆಳಗೆ ಬಾಳುತ್ತಿದ್ದ ಸಮಾಜಕ್ಕೆ, ತನ್ನ ಶಾಸ್ತ್ರಗಳನ್ನು ಕರತಲಾಮಲಕ ಮಾಡಿಕೊಂಡ ವಿದುಷಿಯು ರಾಜ್ಯವಾಳುವವರ ಮತಕ್ಕೆ ಹೋದದ್ದು ಸೋಲಿನ ಮೇಲೆ ಸೋಲಾಗಿ ಕಂಡಿತು. ಆದರೆ ಆಕೆ ಪಾದ್ರಿಗಳ ಕೈಗೊಂಬೆಯಾದರೆಂಬ ಆರೋಪ ಮಾತ್ರ ನಿಲ್ಲಲಾರದು. ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಆಕೆ ಆಂಗ್ಲ ತರುಣರಿಗೆ ಪಾಠ ಹೇಳಬಹುದೆಂಬ ಸೂಚನೆ ಬಂದಿತು. ಪುರುಷರಿಗೆ ಸ್ತ್ರೀಯು ಪಾಠ ಹೇಳಿದರೆ ಹಿಂದುಸ್ಥಾನದಲ್ಲಿ ಆಕೆಯ ಮರ್ಯಾದೆಗೆ ಕುಂದೆಂದು ಇಲ್ಲಿಯ ಬಿಶಪ್ಪರು ಅಡ್ಡಿ ಮಾಡಿದರು. ರಮಾಬಾಯಿಯವರು ಸಿಟ್ಟಾದರು, ತಂದೆಯ ಕಾಲದಿಂದ ಸಾರ್ವಜನಿಕ ಸಭೆಗಳಲ್ಲಿ ಪುರುಷರ ಎದುರಿಗೆ ಮಾತಾಡಿ ಬಂದ ತಮಗೆ ಈ ನಿರ್ಬಂಧ ಎಲ್ಲಿಯದೆಂದು ವಿಚಾರಿಸಿದರು. ತಮಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗದೆಂದು ವಾದಿಸಿದರು. ಉಡುಪಿಯ ಸಭೆಗೆ ಉತ್ತರ ಕೊಟ್ಟ ತಂದೆಯ ಮಗಳು ವಾಂಟೇಜಿನ ಗುರುಮಾತೆಯರಿಗೂ ಉತ್ತರ ಕೊಟ್ಟರು. ಸೀರೆಯನ್ನೂ ಶಾಕಾಹಾರವನ್ನೂ ಕೊನೆಯವರೆಗೆ ಬಿಡಲಿಲ್ಲ.

1886ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಬಂಧುವಾದ ಆನಂದೀಬಾಯಿ ಜೋಶಿಯವರಿಗೆ ವೈದ್ಯಪದವಿ ದೊರೆತ ಸಮಾರಂಭಕ್ಕೆ ರಮಾಬಾಯಿಯವರು ಹೋದರು. ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕೆಯಲ್ಲಿ ಸಂಚರಿಸಿದರು. ಹಿಂದೂ ಉಚ್ಚವರ್ಣದ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಗ್ರಂಥವು 1887ರಲ್ಲಿ ಹೊರಬಿದ್ದಿತು. ಆ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ಏರ್ಪಟ್ಟ ರಮಾಬಾಯಿ ಸಂಘವು, ಹಿಂದೂ ಬಾಲವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷಗಳವರೆಗೆ ಹಣ ಒದಗಿಸಲು ಒಪ್ಪಿತು. ಮರಳಿದ ಮೇಲೆ ಅಮೆರಿಕೆಯ ಪ್ರವಾಸವನ್ನು ಕುರಿತು ಮರಾಠಿಯಲ್ಲಿ ಇನ್ನೊಂದು ಗ್ರಂಥವನ್ನು ಬರೆದರು. ಅಲ್ಲಿಯ ಸ್ತ್ರೀಯರ ಕಾಲೇಜುಗಳು, ಸಂಘಗಳು, ಮದ್ಯಪಾನ ವಿರೋಧದ ಚಳವಳಿ, ಮತಾಧಿಕಾರಕ್ಕಾಗಿ ನಡೆದ ಹೋರಾಟ, ಇವನ್ನೆಲ್ಲ ಆಕೆ ಕಣ್ಣಾರೆ ಕಂಡು ಬರೆದರು. ನೀಗ್ರೋ ಜನರನ್ನೂ ಮೂಲನಿವಾಸಿಗಳನ್ನೂ ಆ ದೇಶ ನಡೆಸಿಕೊಂಡ ರೀತಿಯನ್ನು ಖಂಡಿಸದೆ ಬಿಡಲಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಪ್ರಾರಂಭವಾಯಿತು. ಮೊದಲನೆಯ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಧೋಂಡೋ ಕೇಶವ ಕರ್ವೆಯವರು ಈಕೆಯನ್ನೇ ವಿವಾಹವಾದರು. ಕರ್ವೆಯವರು 1896ರಲ್ಲಿ ತೊಡಗಿದ ವಿಧವಾಶ್ರಮಕ್ಕೂ 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯಕ್ಕೂ ಬೇರು ಈ ಸದನದಲ್ಲಿದೆ.

ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ರಾಷ್ಟ್ರೀಯ ಸಭೆಯ ಐದನೆಯ ಅಧಿವೇಶನ ನೆರೆಯಿತು. ಇಸವಿಯ ಸಂಖ್ಯೆಗೂ ಪ್ರತಿನಿಧಿಗಳ ಸಂಖ್ಯೆಗೂ ಸೋಜಿಗದ ಹೊಂದಾಣಿಕೆಯಾಗಿ 1889 ಜನ ಪ್ರತಿನಿಧಿಗಳು ಬಂದಿದ್ದರು. ಅವರಲ್ಲಿ ಹತ್ತು ಮಂದಿ ಸ್ತ್ರೀಯರು. ರಾಷ್ಟ್ರೀಯ ಸಭೆಗೆ ಸ್ತ್ರೀ ಪ್ರತಿನಿಧಿಗಳು ಬಂದದ್ದು ಅದೇ ಮೊದಲು. ರಮಾಬಾಯಿಯವರು ಆ ಹತ್ತರಲ್ಲಿ ಒಬ್ಬರು. ಅದೇ ಸಂದರ್ಭದಲ್ಲಿ ಸೇರಿದ ಸಾಮಾಜಿಕ ಪರಿಷತ್ತಿನಲ್ಲಿ ವಿಧವೆಯರ ಕೇಶಮುಂಡನವನ್ನು ವಿರೋಧಿಸುವ ಠರಾವಿನ ಪರವಾಗಿ ಆಕೆ ಮಾತಾಡಿದರು. ಆಕೆಯ ಧ್ವನಿ ಕೇಳಿಸದೆಂದು ಸಭಿಕರು ಕೂಗಿದಾಗ, ಹೆಂಗಸಿಗೆ ಧ್ವನಿಯೆತ್ತಲು ಎಂದೂ ಅವಕಾಶ ಕೊಡದವರು ಆಕೆಯ ಧ್ವನಿ ಸಣ್ಣದೆಂದು ಆಶ್ಚರ್ಯಪಡಬೇಕಾದುದಿಲ್ಲವೆಂದು ಉತ್ತರವಿತ್ತರೆಂದು ಹೇಳುತ್ತಾರೆ. ಸಾವಿರಾರು ಜನರಲ್ಲಿ ಹತ್ತು ಜನರೆಂದರೆ ಅತ್ಯಲ್ಪವೆಂದು ಇಂದು ತೋರಬಹುದು. ಆದರೆ ದೇಶದ ಸಭೆಯಲ್ಲಿ ದೇಶದ ಸ್ತ್ರೀಗೂ ಆಸನವುಂಟೆಂಬ ತತ್ತ್ವ ಅಂದು ಸಿದ್ಧವಾಯಿತು, ಮುಂದೆ ಅದನ್ನು ಅಲ್ಲಗಳೆಯುವುದು ಯಾರಿಂದಲೂ ಆಗಲಿಲ್ಲ.

1890ರಲ್ಲಿ ಸದನವು ಪುಣೆಗೆ ಬಂದಿತು. ಅಲ್ಲಿಂದ ಕಲಹಕ್ಕೆ ಮೊದಲು. ಸದನದಲ್ಲಿ ಮತಬೋಧೆ ಮಾಡುವುದಿಲ್ಲವೆಂದು ರಮಾಬಾಯಿಯವರು ಮೊದಲೇ ವಚನ ಕೊಟ್ಟಿದ್ದರು; ಬ್ರಾಹ್ಮಣ ಹುಡುಗಿಯರಿಗೆ ಅಡಿಗೆಯ ಮಡಿ, ಜಾತಿಯ ಆಚಾರಗಳಿಗೆ ಭಂಗವಿರಲಿಲ್ಲ. ರಾನಡೆ, ಭಾಂಡಾರಕರರಂಥವರು ಸಲಹಾಮಂಡಲಿಯಲ್ಲಿದ್ದರು. ಆದರೆ ಆಕೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಒಬ್ಬೊಬ್ಬರಾಗಿ ಹುಡುಗಿಯರು ಅಲ್ಲಿಗೆ ಬಂದು ಕೂರತೊಡಗಿದರು. ಲೋಕಮಾನ್ಯ ತಿಲಕರ ಕೇಸರಿಯು ಇದನ್ನು ಮತಾಂತರದ ಬಲೆಯೆಂದು ಪ್ರಚಂಡವಾಗಿ ಖಂಡಿಸಿತು. 1893ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ಇಪ್ಪತ್ತೈದರಷ್ಟು ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು.

ಲೋಕಮಾನ್ಯರ ಮೇಲಿನ ನಮ್ಮ ಗೌರವ ಅಚಲವಾದದ್ದು. ಪಾಲಕರ ಶಂಕೆಯನ್ನೂ ನಾವು ಹಳಿಯುವುದಿಲ್ಲ. ವಿಶ್ವಾಸದಿಂದ ಒಪ್ಪಿಸಿದ ಮಕ್ಕಳ ವಿಷಯದಲ್ಲಿ ವಚನದ ಅಕ್ಷರದಂತೆ ಅದರ ಭಾವವನ್ನೂ ಕಾಯಬೇಕಾಗಿತ್ತು. ಬಾಗಿಲು ಮುಚ್ಚಿದ್ದರೆ ಆಕೆಯ ಭಕ್ತಿಗೆ ಲೋಪವೇನೂ ಬರುತ್ತಿರಲಿಲ್ಲ. ಆದರೆ ಮನೆಗೆ ಮರಳಿದ ಆ ಬಾಲವಿಧವೆಯರನ್ನು ಕಾದಿದ್ದುದೇನು? ಬೋಳಿಸಿದ ತಲೆ, ಒಪ್ಪೊತ್ತಿನ ಊಟ, ಅಡಿಗೆಮನೆಯ ಕತ್ತಲೆ. ಶಾರದಾ ಸದನವನ್ನು ಖಂಡಿಸಿದ ಲೇಖಣಿಗಳು ಅವರಿಗಾಗಿ ಮತ್ತೊಂದು ಸದನವನ್ನು ಕಟ್ಟಲಿಲ್ಲ. ಕರ್ವೆಯವರು ಕಟ್ಟಿದಾಗ ಅವರನ್ನೂ ಸಮಾಜವು ಬಹಿಷ್ಕರಿಸಿತ್ತು. ಇನ್ನೊಂದು ಮಾತು. ವಿದ್ಯೆಯನ್ನು ಕೊಟ್ಟ ಮೇಲೆ ವಿದ್ಯಾವಂತೆ ಏನನ್ನು ನಂಬಬೇಕೆಂಬುದನ್ನೂ ನಾವೇ ಗೊತ್ತುಪಡಿಸುವೆವೆಂದರೆ, ಕೊಟ್ಟದ್ದು ವಿದ್ಯೆಯೋ ಗಿಳಿಪಾಠವೋ ಎಂದು ಕೇಳಬೇಕಾಗುತ್ತದೆ. ರಮಾಬಾಯಿಯವರ ಮತಾಂತರವನ್ನು ಮೆಚ್ಚದವರೂ ಅದು ಆಕೆಯ ಸ್ವಂತ ನಿರ್ಣಯವೆಂಬುದನ್ನು ಒಪ್ಪಲೇಬೇಕು.

ಉಳಿದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ಮುನ್ನೂರರಷ್ಟು ಅನಾಥ ಹುಡುಗಿಯರನ್ನು ಕರೆತಂದರು. ತಂದೆತಾಯಿಗಳನ್ನು ಹಸಿವಿನಿಂದ ಕಳೆದುಕೊಂಡವರಿಗೆ ಆ ಮುಖಗಳ ಗುರುತು ಹತ್ತಲು ತಡವಾಗಲಿಲ್ಲ. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಸುಮಾರು 40 ಮೈಲಿ ದೂರದ ಕೇಡಗಾಂವಿನಲ್ಲಿದ್ದ ತಮ್ಮ ಹೊಲದಲ್ಲಿ ಅವರಿಗೆ ನೆಲೆ ಮಾಡಿದರು; ಅದೇ ಮುಕ್ತಿ ಸದನ. ಗುಜರಾತಿನ ಕ್ಷಾಮದ ತರುವಾಯ 1900ರ ಹೊತ್ತಿಗೆ ಅಲ್ಲಿಯ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂದಿತ್ತು. ಓದುಬರಹದೊಡನೆ ನೇಯ್ಗೆ, ಗಾಣ, ಹೈನ, ಬೇಸಾಯ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಇಲ್ಲಿ ಮತಬೋಧೆಯೂ ಬಹಿರಂಗವಾಗಿಯೇ ನಡೆಯಿತು. 1897ರಲ್ಲಿ ಪ್ಲೇಗು ಆಸ್ಪತ್ರೆಯ ಸ್ತ್ರೀಯರನ್ನು ಅಧಿಕಾರಿಗಳು ನಡೆಸಿಕೊಂಡ ರೀತಿಯನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿ ಸರಕಾರದ ಅಸಮಾಧಾನವನ್ನು ಕಟ್ಟಿಕೊಂಡರು. ಅದೇ ವರ್ಷ ಅದೇ ಪ್ಲೇಗಿನ ಗಲಭೆಯಲ್ಲಿ ಲೋಕಮಾನ್ಯರು ಸೆರೆಮನೆಯನ್ನು ಕಂಡರು. ಸದನದ ವಿಷಯದಲ್ಲಿ ಎದುರುಬದಿರು ನಿಂತ ಇಬ್ಬರೂ ಈ ಒಂದು ವಿಷಯದಲ್ಲಿ ಸರಕಾರದ ಎದುರು ಒಂದೇ ಕಡೆಗಿದ್ದರೆಂಬುದನ್ನು ಚರಿತ್ರಕಾರರು ಬಹಳವಾಗಿ ಗಮನಿಸಿದಂತೆ ಕಾಣುವುದಿಲ್ಲ.

ಕನ್ನಡ ನಾಡಿನ ಋಣವನ್ನು ಆಕೆ ಮರೆತಿರಲಿಲ್ಲವೆನ್ನಬಹುದು. ಆಗ ನಿಜಾಮರ ಆಳಿಕೆಯಲ್ಲಿದ್ದ ಗುಲಬರ್ಗೆಯಲ್ಲಿ, ಇಂದಿನ ಕಲಬುರಗಿಯಲ್ಲಿ, 1912ರ ಸುಮಾರಿಗೆ ಶಾಲೆಯೊಂದನ್ನು ತೆರೆದು ಮಗಳಾದ ಮನೋರಮೆಯವರನ್ನು ಅದರ ಮುಖ್ಯಸ್ಥಳನ್ನಾಗಿ ನಿಯಮಿಸಿದರು.

ಕೊನೆಯ ವರ್ಷಗಳು ಬೈಬಲ್ಲಿನ ಮರಾಠಿ ಭಾಷಾಂತರದಲ್ಲಿ ಕಳೆದವು. ಪ್ರಚಾರದಲ್ಲಿದ್ದ ಭಾಷಾಂತರವು ಹಳ್ಳಿಯ ಹೆಂಗಸರಿಗೆ ತಿಳಿಯದೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಮೂಲದಿಂದಲೇ ಅನುವಾದಿಸತೊಡಗಿದರು. 1921ರಲ್ಲಿ ಮದ್ರಾಸು, ಮುಂಬಯಿ ಇಲಾಖೆಗಳ ಶಾಸನಸಭೆಗಳು ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೆ ಮತಾಧಿಕಾರವನ್ನು ಕೊಟ್ಟವು. ಆ ವರ್ಷದ ಜುಲೈಯಲ್ಲಿ ಮನೋರಮೆಯವರು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಅದಾದ ಮೇಲೆ ಒಂದು ವರ್ಷವೂ ಬದುಕಲಿಲ್ಲ. ಭಾಷಾಂತರದ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿ ದೇಹವಿಟ್ಟರು. ಆ ಗ್ರಂಥವು 1924ರಲ್ಲಿ ಮುಕ್ತಿ ಸದನದ ಮುದ್ರಣಾಲಯದಿಂದ ಹೊರಬಂದಿತು. ಅಕ್ಷರದ ಮೊಳೆಗಳನ್ನು ಜೋಡಿಸಿ ಅದನ್ನು ಅಚ್ಚು ಮಾಡಿದವರು ಕ್ಷಾಮದ ವರ್ಷಗಳಿಂದ ಅಲ್ಲಿ ಬೆಳೆದ ಹೆಂಗಸರು.